ಕೆಸರಿನಲ್ಲಿ ಹೆಚ್ಚಾದ ನೀರು

೨೧ ನವೆಂಬರ್ ೨೦೦೬, ಮಂಗಳವಾರ
ಜನಕಪುರಿ

ಇವತ್ತೂ ತಲೆಯಲ್ಲಿ ಅದೇ ನೀರು. ಅದಿರಿನಿಂದ ತಾಮ್ರ ತೆಗೆದ ಮೇಲೆ ಉಳಿಯುವ ಕೆಸರಿನಲ್ಲಿ ನೂರಕ್ಕೆ ಅರವತ್ತು ಪಾಲು ಕಲ್ಲುಪುಡಿ ಎಂದು ಹಿಡಿದು ಕೆಸರುಕೊಳದ ಅಳತೆ ಹಾಕಿದ್ದೆವು. ಈಗ ಲ್ಯಾಬ್ ವರದಿ ಬಂದಿದೆ, ಐವತ್ತೇ. ಹತ್ತು ತಾನೇ ಅನ್ನಿಸಬಹುದು. ಆದರೆ ಅಷ್ಟೇ ಪುಡಿಯ ಜೊತೆ ಹೋಗುವ ನೀರು ಒಂದೂವರೆ ಪಟ್ಟಾಗುತ್ತದೆ, ನಾವು ಹಾಕಿದ ಕೊಳ ಅದಕ್ಕೆ ಸಾಲದು.

ಫರೀದಾಬಾದಿನ ಆಫೀಸಿನಲ್ಲಿ ಚಂದ್ರಮೋಹನ ಸರ್‌ಗೆ ತೋರಿಸಿದೆ. ನಮ್ಮ ಹಾಸನದ ಕಡೆಯವರು, ಗದರುವವರಲ್ಲ. ಮೆತ್ತಗೆ ಹೇಳಿದರು: “ಡ್ರಾಯಿಂಗ್ ಹೋಗಿ ಆಯ್ತಲ್ಲ ವಾಸಂತಿ. ಕೊಳ ಇರೋ ಹಾಗೇ ಇರಲಿ, ಲೆಕ್ಕಾನ ಅದಕ್ಕೆ ಹೊಂದಿಸಮ್ಮ. ಚಲೋ, ಸಂಜೆಯೊಳಗೆ ಕಳಿಸಿಬಿಡು.”

ಇನ್ನೊಂದು ಸಲ ಹೇಳಿ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಕಳಿಸಿದೆ. ಕೊಳದ ಒಡ್ಡಿನ ಕೆಳಗೆ ಒಂದು ಹಳ್ಳಿ ಇದೆ. ನಕ್ಷೆಯಲ್ಲಿ ಅದರ ಹೆಸರು ಬರೆದವಳು ನಾನೇ.

ಮನೆಗೆ ಬಂದರೆ ಮಗಳು ಹರಿಣಿ ಗಣಿತದ ಪುಸ್ತಕದ ಕೊನೆಯಲ್ಲಿರುವ ಉತ್ತರ ನೋಡಿಕೊಂಡು, ಅದು ಬರುವ ಹಾಗೆ ಲೆಕ್ಕ ಮಾಡುತ್ತಿದ್ದಳು. ಬೈಯಲು ಬಾಯಿ ತೆರೆದೆ.

“ಆನ್ಸರ್ ತೋ ಸಹೀ ಹೈ ನಾ, ಅಮ್ಮಾ?” ಅಂದಳು.

ಹೂಂ, ಉತ್ತರವೇನೋ ಸರಿಯಾಗೇ ಇದೆ ಅಂದುಬಿಟ್ಟೆ. ಅವಳ ಲೆಕ್ಕದ ಕೆಳಗೆ ಯಾರ ಮನೆಯೂ ಇಲ್ಲ.