ಬಚ್ಚಲುಮನೆಯ ಭಾಷಣ

ಅಡುಗೆಮನೆಯ ಮೇಜು,
ಸೋಮವಾರ, ಬೆಳಗಿನ ಜಾವ ಎರಡೂ ಮುಕ್ಕಾಲು

ಪ್ರೀತಿಯ ಅಕ್ಕಾ,

ಎರಡೂವರೆಗೆ ಎಚ್ಚರವಾಯಿತು. ಮಗು ಅತ್ತಿತೇನೋ ಎಂದು ಕೈ ತನ್ನಷ್ಟಕ್ಕೆ ತೊಟ್ಟಿಲ ಕಡೆ ಹೋಯಿತು. ಅವಳು ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಸದ್ದು ಬಚ್ಚಲುಮನೆಯದು. ನಿಮ್ಮ ತಮ್ಮ ಬಾಗಿಲು ಹಾಕಿಕೊಂಡು ಯಾರೊಂದಿಗೋ ಪಿಸುಗುಟ್ಟುತ್ತಿದ್ದರು. ನೋಡಿ, ನೀವು ಹೇಗಿದ್ದೀರಿ ಅಂತ ಕೇಳುವುದನ್ನೇ ಮರೆತೆ. ಕಾಲಿನ ಊತ ಇಳಿಯಿತೇ? ಈ ವಾರವೂ ರಾತ್ರಿ ಪಾಳಿಯೇ ಹಾಕಿದ್ದಾರಂತೆ, ಆ ಹಿರಿಯ ನರ್ಸಮ್ಮನಿಗೆ ನಿಮ್ಮ ಮೇಲೆ ಅದೇನು ಪ್ರೀತಿಯೋ. ವಾರ್ಡಿನಲ್ಲಿ ನೀವು ಫೋನ್ ತೆಗೆಯುವ ಹಾಗಿಲ್ಲ, ನಾಲ್ಕು ಗಂಟೆಯ ಚಹಾದ ಬಿಡುವಿನಲ್ಲಿ ಮಾತ್ರ ನೋಡುತ್ತೀರಿ ಎಂದು ಗೊತ್ತು. ಮಾತಾಡಿ ಕಳಿಸೋಣವೆಂದರೆ ನಮ್ಮ ಮನೆಯಲ್ಲಿ ಅಡುಗೆಮನೆಯಲ್ಲಿ ಸೌಟು ಬಿದ್ದರೆ ಬಚ್ಚಲಲ್ಲಿದ್ದವರು ಬೆಚ್ಚಬೇಕು, ಅಷ್ಟು ಜಾಗ. ಅದಕ್ಕೇ ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಅಕ್ಷರ ಓರೆಕೋರೆಯಾಗಿದ್ದರೆ ನಿದ್ದೆಗೆಟ್ಟಿದ್ದಾಳೆ ಅಂದುಕೊಳ್ಳಿ.

ಯಾರೊಂದಿಗೆ ಪಿಸುಗುಟ್ಟುತ್ತಿದ್ದರು ಗೊತ್ತೇ? ಕನ್ನಡಿಯೊಂದಿಗೆ. ‘ಮೂವತ್ತೈದನೇ ಕಿಲೋಮೀಟರಿನಲ್ಲಿ ಕಾಲು ಸಾಕು ಅಂತು, ಮನಸ್ಸು ಬಿಡಲಿಲ್ಲ, ಸ್ನೇಹಿತರೇ.’ ಕೆಮ್ಮುತ್ತಾರೆ, ಮತ್ತೆ ಮೊದಲಿನಿಂದ ಶುರು. ಬೆಳಗ್ಗೆ ಒಂಬತ್ತೂವರೆಗೆ ಇವರ ಲಿಫ್ಟ್ ಕಂಪನಿಯಲ್ಲಿ ಎಲ್ಲರನ್ನೂ ಸೇರಿಸಿದ್ದಾರೆ. ಮ್ಯಾನೇಜರು ಬೂಟಿನ ಆಕಾರದ ಕೇಕ್ ಬೇರೆ ಹೇಳಿದ್ದಾರಂತೆ. ಇಡೀ ಮ್ಯಾರಥಾನ್ ಓಡಿ ಮುಗಿಸಿದ ತಮ್ಮ ಸೂಪರ್‌ವೈಸರ್ ಬಂದು ಛಲದ ಬಗ್ಗೆ ನಾಲ್ಕು ಮಾತಾಡಬೇಕಂತೆ. ಅಕ್ಕಾ, ಇವರು ಓಡಿ ಮುಗಿಸಲಿಲ್ಲ. ಹಿಂದುಳಿದವರನ್ನು ಎತ್ತಿಕೊಂಡು ಬರುವ ವ್ಯಾನಿನಲ್ಲಿ ಬಂದರು. ನಾನೇ ಕಣ್ಣಾರೆ ನೋಡಿದೆ.

ಈ ಓಟದ ಹುಚ್ಚನ್ನು ನಾನು ಹೇಗೆ ಸಹಿಸಿದೆನೆಂದು ನಿಮಗೆ ಪೂರ್ತಿ ಹೇಳಿಲ್ಲ. ಮಗುವಿಗೆ ಕತ್ತು ನಿಲ್ಲುವ ಮೊದಲೇ ಶುರುವಾಗಿದ್ದು. ನಸುಕಿನಲ್ಲಿ ಇವರು ಬೂಟು ಕಟ್ಟುತ್ತಿದ್ದರೆ ನಾನು ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಹಾಲಿನ ಪಾತ್ರೆ. ಮನೆಯೆಲ್ಲ ನೋವಿನ ಮುಲಾಮಿನ ನಾತ. ಕಿಟಕಿಗೆ ನೇತುಹಾಕಿದ ಕಾಲುಚೀಲಗಳು ಒಣಗುವುದಿಲ್ಲ, ಗಟ್ಟಿಯಾಗುತ್ತವೆ. ಓಡುವಾಗ ಹೀರುವ ಸಕ್ಕರೆ ಪಾಕದ ಪೊಟ್ಟಣ ಒಡೆದು ಮಗುವಿನ ಕೂದಲಿಗೆಲ್ಲ ಅಂಟು. ಊಟಕ್ಕೆ ಕೂತರೆ ಹೊಟ್ಟೆ ಎಷ್ಟು ಸಲ ಹೋಯಿತು ಅನ್ನುವುದೇ ಮಾತು. ಒಮ್ಮೆ ಕಪ್ಪಾಗಿ ಉದುರಿದ ಕಾಲುಗುರನ್ನು ದಿವಾನಿನ ಅಂಚಿನಲ್ಲಿಟ್ಟು ಮರೆತಿದ್ದರು. ಮಗು ಅದನ್ನು ಬಾಯಿಗೆ ಹಾಕಿಕೊಂಡಿತ್ತು, ಬೆರಳು ಹಾಕಿ ತೆಗೆದೆ. ಇಡೀ ದಿನ ನನಗೆ ಅನ್ನ ಸೇರಲಿಲ್ಲ. ಆದರೂ ಸುಮ್ಮನಿದ್ದೆ. ಬೆವರಿಳಿಸಿಕೊಂಡು ಮನೆಗೆ ಬರುವಾಗ ಆ ಮುಖದಲ್ಲಿ ಮದುವೆಯ ಹೊಸತರಲ್ಲಿದ್ದ ನಗು ಇರುತ್ತಿತ್ತು. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಓಟ ಮುಗಿಯುವ ಮೈದಾನದ ಬಾಗಿಲಲ್ಲಿ ಒಂದು ದೊಡ್ಡ ಮರವಿದೆ, ನಿನ್ನೆ ಅದರ ಕೆಳಗೆ ಕಾಯುವುದೆಂದು ಮಾತಾಗಿತ್ತು. ಕಾದು ಕಾದು ಮಗು ಬಟ್ಟೆ ಕೆಡಿಸಿಕೊಂಡಳು. ಬದಲಾಯಿಸಲೆಂದು ಡೇರೆಗಳ ಹಿಂದೆ ಹೋದೆ. ಅಲ್ಲಿ ಹಿಂಬಾಗಿಲಿನಿಂದ ಆ ವ್ಯಾನು ಬಂದು ನಿಂತಿತು. ಒಳಗಿನಿಂದ ವಾಂತಿಯ ವಾಸನೆ ಗಪ್ಪೆಂದು ಬಂತು. ಮೈ ಬೆಚ್ಚಗಿರಲೆಂದು ಕೊಡುವ ಬೆಳ್ಳಿ ಬಣ್ಣದ ಹಾಳೆ ಹೊದ್ದು ಒಬ್ಬೊಬ್ಬರೇ ಇಳಿದರು, ಮೂರನೆಯವರು ನಿಮ್ಮ ತಮ್ಮ. ಕೆಲವರು ಎದೆಯ ಮೇಲಿನ ಓಟದ ಸಂಖ್ಯೆ ಕಿತ್ತು ಜೇಬಿಗೆ ತುರುಕಿಕೊಂಡರು, ಇವರು ಕೀಳಲಿಲ್ಲ. ಓಡಿ ಮುಗಿಸಿದವರ ಮೆಡಲುಗಳನ್ನು ಮೊಣಕೈ ತುಂಬ ನೇತುಹಾಕಿಕೊಂಡ ಒಬ್ಬಳು ಹುಡುಗಿ ಸಂಖ್ಯೆ ಕಂಡವರ ಕೊರಳಿಗೆಲ್ಲ ಹಾಕುತ್ತ ಬಂದಳು. ಇವರ ಕೈ ಬೇಡ ಅನ್ನುವ ಹಾಗೆ ಮೇಲೆದ್ದಿತು. ಅಷ್ಟರಲ್ಲಿ ಅವಳು ಹಾಕಿಯೇಬಿಟ್ಟಳು. ಎದ್ದ ಕೈ ಹಾಗೇ ಕೆಳಗಿಳಿಯಿತು.

ನಾನೇನು ಮಾಡಿದೆ ಗೊತ್ತೇ? ಮಗುವನ್ನು ಕಂಕುಳಿಗೆ ಅವುಚಿಕೊಂಡು ಡೇರೆಗಳ ಸಂದಿಯಲ್ಲಿ ಬಿದ್ದಂಬೀಳ ಓಡಿ, ಇವರು ಕುಂಟುತ್ತ ಸುತ್ತಿಕೊಂಡು ಬರುವಷ್ಟರಲ್ಲಿ ಮರದ ಕೆಳಗೆ ನಿಂತು ನಕ್ಕೆ. ನಿನ್ನೆ ನಮ್ಮ ಮನೆಯಲ್ಲಿ ಓಟ ಮುಗಿಸಿದವಳು ನಾನೊಬ್ಬಳೇ. ಇವರೇ ಹೇಳಲಿ, ವ್ಯಾನಿನಲ್ಲಿ ಬಂದೆ ಕಣೇ ಅಂತ ಒಂದು ಮಾತು ಹೇಳಲಿ ಅಂತ ಕಾದೆ. ಹೇಳಿದ್ದರೆ ನಾಲ್ಕು ದಿನ ಛೇಡಿಸುತ್ತಿದ್ದೆ, ಕಾಲೂ ಒತ್ತುತ್ತಿದ್ದೆ. ಇವರು ಹೇಳಿದ್ದು, ‘ಒಂದು ಫೋಟೋ ತೆಗಿ.’

ಅಲ್ಲಿಂದ ಮುಂದೆ ನನಗೆ ಬರೀ ಹೇಸಿಗೆ. ಮನೆಗೆ ಬಂದು ಮಗುವಿನ ಕೊರಳಿಗೆ ಆ ಮೆಡಲು ಹಾಕಿದರು. ಅವಳು ಚೀಪಿದಳು. ಉಗುರು ತೆಗೆದ ಹಾಗೆಯೇ ಬಾಯಿಂದ ಕಿತ್ತು ಬಾಯಿ ತೊಳೆಸಿದೆ. ಸಂಜೆ ಮೇಲಿನ ಮನೆಯ ಟೈಲರ್ ಬಂದು, ‘ಏನಪ್ಪಾ ಕುದುರೆ, ಮಂಡಿ ಬಾಗುತ್ತೋ ಇಲ್ವೋ?’ ಅಂದರೆ ಇವರು ಕೊನೆಯ ಕಿಲೋಮೀಟರಿನ ಕಥೆ ಹೇಳಿದರು. ಜನ ಚಪ್ಪಾಳೆ ತಟ್ಟಿದರಂತೆ. ಯಾರೋ ಅಜ್ಜಿ ನೀರು ಕೊಟ್ಟಳಂತೆ. ಇಲ್ಲದ ಅಜ್ಜಿಗೆ ಹಸಿರು ಸ್ವೆಟರ್ ಕೂಡ ತೊಡಿಸಿದರು ಅಕ್ಕಾ. ಒಳಗೆ ಹೋಗಿ ಸಿಂಕಿನ ಮುಂದೆ ನಿಂತು, ಆಗಲೇ ತೊಳೆದಿದ್ದ ಲೋಟವನ್ನೇ ಮತ್ತೆ ತಿಕ್ಕಿದೆ. ನನ್ನ ಮೇಲೂ ಅಸಹ್ಯ. ಟೈಲರ್‌ಗೆ ಚಹಾ ಕೊಟ್ಟವಳು ನಾನೇ ತಾನೆ.

ಇದು ಮನೆಯೊಳಗೇ ಉಳಿಯುವುದೂ ಇಲ್ಲ. ಎದೆಯ ಸಂಖ್ಯೆ ಒತ್ತಿದರೆ ಯಾರು ಎಷ್ಟು ಹೊತ್ತಿಗೆ ಮುಗಿಸಿದರು ಅಂತ ಮೊಬೈಲಿನಲ್ಲೇ ಬರುತ್ತದೆ. ಇವರ ಆಫೀಸಿನ ಅಕೌಂಟೆಂಟ್ ಊಟದ ಬಿಲ್ಲಿನಲ್ಲಿ ನೀರಿನ ಬಾಟಲಿ ಎಣಿಸುವವನು. ಕೇಕ್ ತಿಂದು ಕೈ ಒರೆಸಿಕೊಂಡು ಮೊದಲು ಮಾಡುವ ಕೆಲಸ ಅದೇ. ಮಧ್ಯಾಹ್ನದೊಳಗೆ ಇವರು ತಲೆ ಎತ್ತಿ ಆ ಮೆಟ್ಟಿಲು ಹತ್ತುವ ಹಾಗಿರುವುದಿಲ್ಲ.

ನೀನೇ ಬಾಗಿಲು ತಟ್ಟಿ ಹೇಳಬಹುದಲ್ಲ ಅನ್ನುತ್ತೀರಿ. ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ನಾನು ನೋಡಿದ್ದೆ ಎಂದರೆ ಮರದ ಕೆಳಗಿನ ನನ್ನ ನಗುವೂ ನಾಟಕವೆಂದು ಗೊತ್ತಾಗುತ್ತದೆ. ಆಮೇಲೆ ನಾನು ಯಾವಾಗ ನಕ್ಕರೂ ಇವರು ನನ್ನ ಮುಖದಲ್ಲಿ ಸುಳ್ಳನ್ನು ಹುಡುಕುತ್ತಾರೆ. ನೀವು ಬೇರೆ. ಅಮ್ಮ ಹೋದ ಮೇಲೆ ಇವರಿಗೆ ತಲೆ ಬಾಚಿದವರು, ಸೈಕಲ್ ಕಲಿಸಿದವರು ನೀವು. ‘ಬಿದ್ರೆ ಬಿದ್ದೆ ಅನ್ನೋ, ಮಣ್ಣು ಕೊಡವ್ಕೊಂಡು ಬಾ’ ಅಂತ ನೀವು ಬೈಯುತ್ತಿದ್ದುದನ್ನು ಈಗಲೂ ನಿಮ್ಮದೇ ದನಿ ಮಾಡಿ ಹೇಳುತ್ತಾರೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಕಾಲು ಎತ್ತರದಲ್ಲಿಟ್ಟು ಮಲಗಿ. ಮಗು ನಿಮ್ಮ ಫೋಟೋ ತೋರಿಸಿದರೆ ಈಗ ‘ತ್ತೆ’ ಅನ್ನುತ್ತಾಳೆ, ಪೂರ್ತಿ ಅತ್ತೆಯಾಗಲು ನೀವೇ ಬರಬೇಕು.

ಇತಿ,
ನಿಮ್ಮ ತಮ್ಮನ ಹೆಂಡತಿ
(ಈ ರಾತ್ರಿ ಇದಕ್ಕಿಂತ ಹೆಚ್ಚೇನೂ ಬರೆಯಲು ಕೈ ಬರುತ್ತಿಲ್ಲ)

ವಿ.ಸೂ.: ಅಕ್ಕಾ, ಈ ಕಾಗದದ ಫೋಟೋ ತೆಗೆಯಲೆಂದು ಎದ್ದಾಗ ಭಾಷಣ ನಿಂತಿತು. ‘ಮೂವತ್ತೈದನೇ ಕಿಲೋಮೀಟರಿನಲ್ಲಿ’ ಅಂದರು, ಅಷ್ಟೇ. ಆಮೇಲೆ ಭಾಷಣದ ದನಿಯಲ್ಲಲ್ಲ, ತಮ್ಮದೇ ದನಿಯಲ್ಲಿ, ‘ಕೂತ್ಬಿಟ್ಟೆ ಕಣಕ್ಕಾ’ ಅಂದರು. ತಕ್ಷಣ ನಲ್ಲಿ ಜೋರಾಗಿ ತಿರುಗಿಸಿದರು, ಇನ್ನೂ ನೀರು ಹೋಗುತ್ತಲೇ ಇದೆ. ಮರದ ಕೆಳಗಿನ ಆ ಮೆಡಲಿನ ಫೋಟೋವನ್ನು ನೆಂಟರಿಗೆಲ್ಲ ಕಳಿಸಿದ್ದಾರೆ, ನಿಮಗೊಬ್ಬರಿಗೆ ಕಳಿಸಿಲ್ಲ, ನೋಡಿಕೊಳ್ಳಿ. ನಾನು ಕೇಳಿದ್ದಕ್ಕೆ, ‘ಅವಳು ಡ್ಯೂಟೀಲಿದ್ದಾಳೆ, ಆಮೇಲೆ’ ಅಂದರು. ದಮ್ಮಯ್ಯ, ಬೆಳಗಾಗುವ ಮೊದಲು ಫೋನ್ ಮಾಡಿ. ನನಗಲ್ಲ, ಅವರಿಗೆ. ನಾನು ಬರೆದೆ ಅನ್ನಬೇಡಿ. ಓಟ ಹೇಗಾಯ್ತೋ ಅಂತಷ್ಟೇ ಕೇಳಿ, ಆಮೇಲೆ ಅವರು ಬಾಯಿ ಬಿಡುವವರೆಗೂ ನೀವು ಮಾತಾಡಬೇಡಿ. ಅವರ ಫೋನನ್ನು ದನಿ ಪೂರ್ತಿ ಏರಿಸಿ ಬಚ್ಚಲ ಬಾಗಿಲ ಹತ್ತಿರ ಇಟ್ಟು ಬಂದಿದ್ದೇನೆ. ನಾನು ಹೊದಿಕೆ ಎಳೆದುಕೊಂಡು ನಿದ್ದೆ ಬಂದವಳ ಹಾಗೆ ಮಲಗಿರುತ್ತೇನೆ. ಚಹಾ ಆಮೇಲೆ ಕುಡಿಯಿರಿ ಅಕ್ಕಾ, ಮೊದಲು ಫೋನ್ ಮಾಡಿ.