ಸಿಪಿಯುಗೆ ಸ್ವೆಟರ್

ರೀ,

ಹೊಸ ಪ್ರೊಸೆಸರ್ ಹಾಕ್ಸೋದಾ ಬೇಡ್ವಾ ಅಂತ ದೀಪಾವಳಿಯಿಂದ ತಲೆ ತಿಂದಿದ್ದು ಸಾಕು. ಆರ್ಡರ್ ಹಾಕ್ಬೇಡಿ.

ಧೂಳು ಕೂರುತ್ತೆ ಅಂತ ನಿಮ್ಮಮ್ಮ ಸಿಪಿಯುಗೆ ಉಲ್ಲನ್ ಕವರ್ ಹೆಣೆದು ಹೊದಿಸಿದ್ರಲ್ಲ, ನಿನ್ನೆ ನೀವು ಬೇಲೂರಿಗೆ ಹೋದಾಗ ಅದನ್ನ ತೆಗೆದಿಟ್ಟೆ. ಒಳಗೆ ಇಡ್ಲಿ ಬೇಯಿಸಬಹುದಿತ್ತು. ದಿನಾ ರಾತ್ರಿ ತನಕ ಎಳೀತಿದ್ದ ಕಂಪ್ಯೂಟರಲ್ಲಿ, ನೀವು ರೆಡಿಯಾಗೋಕೆ ಹಾಕಿ ಹೋಗಿದ್ದ ಗಿರಾಕಿ ಮದುವೆ ವಿಡಿಯೋ ಮಧ್ಯಾಹ್ನಕ್ಕೇ ಮುಗೀತು.

ಇನ್ನು ಕಂಪ್ಯೂಟರ್ ನೆಪ ಹೇಳಿ ಹೊತ್ತು ಮುಳುಗೋವರೆಗೆ ಕೂತು, ರಾತ್ರಿ ಉಣ್ಣಂಗಿಲ್ಲ ಅಂತ ಬರೀ ಹೊಟ್ಟೇಲಿ ನನ್ನ ಮೇಲೆ ಸಿಡುಕ್ಬೇಡಿ. ನಾನು ಬಸದಿಗೆ ಹೋಗಿ ಬರ್ತೀನಿ. ಬಿಸಿಲಿರೋವಾಗ್ಲೇ ಊಟ ಮಾಡಿ.

ಕವರ್ ತೆಗೆದಿದ್ದನ್ನ ನಿಮ್ಮಮ್ಮಂಗೆ ನೀವೇ ಹೇಳಿ. ನಾನು ಹೇಳೋಕೆ ಹೋದ್ರೆ, ಹೊಸ ಪ್ರೊಸೆಸರ್‌ಗೆ ಅಂತ ಇನ್ನೂ ದಪ್ಪ ಉಲ್ಲನ್ ತರಿಸಿ, ಆಗ್ಲೇ ಅರ್ಧ ಹೆಣೆದು ಕೂತಿದ್ರು.

ತ್ರಿಶಲಾ