ಕಪ್ಪನ್ನು ಅಳೆಯುವ ಯಂತ್ರ

ಸೋಮವಾರ, ಮಧ್ಯಾಹ್ನ

ಬಾಗಿಲು ಬಡಿದು ಹೋದ ನನ್ನ ಹಟಮಾರಿ ತಂಗಿಗೆ ಅಣ್ಣನ ಆಶೀರ್ವಾದ.

ಫೋನ್ ಎತ್ತುವುದಿಲ್ಲವೆಂದು ಶಪಥ ಮಾಡಿದ್ದೀಯಂತೆ. ಆಗಲಿ! ಕಾಗದ ಓದುವುದಿಲ್ಲವೆಂದು ಶಪಥ ಮಾಡಿಲ್ಲವಷ್ಟೆ? ಹಾಗಾದರೆ ಕೂತುಕೊಂಡು ಕೇಳು.

ಆ ಡೆನ್ಸಿಟೋಮೀಟರನ್ನು ನೀನು ಎದೆಗವಚಿಕೊಂಡು ತಂದ ದಿನ ನಾನು ಗುಡುಗಿದ್ದು ನಿಜ. ಫೋಟೋ ಪ್ರಿಂಟಿನ ಕಪ್ಪು ಎಷ್ಟು ಗಾಢವೆಂದು ಅಂಕಿಯಲ್ಲಿ ಹೇಳುವ ಯಂತ್ರವಂತೆ! ಬಚ್ಚಲುಮನೆಗೆ ಕರಿ ಪರದೆ ಕಟ್ಟಿ ಮಾಡಿಕೊಂಡ ಡಾರ್ಕ್‌ರೂಮು. ಟ್ರೇಗಳಿಗೇ ಜಾಗವಿಲ್ಲ, ಇದಕ್ಕೊಂದು ಸಿಂಹಾಸನ ಬೇರೆ! "ಉಪ್ಪು ನೋಡೋಕೆ ನಾಲಿಗೆ ಸಾಕು, ತಕ್ಕಡಿ ಯಾಕೆ?" ಎಂದೆ. "ನಾಲಿಗೆನೇ ಕೆಟ್ಟಿದ್ರೆ ಏನ್ ಮಾಡ್ತೀಯೋ ಅಣ್ಣ?" ಎಂದೆ ನೀನು. ಆ ಒಂದು ಮಾತಿಗೆ ಯಂತ್ರವೂ ಹೊರಗೆ, ನೀನೂ ಹೊರಗೆ!

ಈಗ ವಿಷಯ. ಶನಿವಾರ ನಿನ್ನ ಫೋಟೋಗಳ ಮೊದಲ ಪ್ರದರ್ಶನ. ನಾನು ಮಾಡಿದ ಪ್ರಿಂಟುಗಳನ್ನು ಗ್ಯಾಲರಿಯವರು ಹಿಂದಕ್ಕೆ ಕಳಿಸಿದ್ದಾರೆ. ಮುಖಗಳೆಲ್ಲ ಸುಣ್ಣ ಬಳಿದಂತಿವೆಯಂತೆ, ನೆರಳೆಲ್ಲ ಮಸಿ ಮೆತ್ತಿದಂತಿದೆಯಂತೆ. ನನಗೆ ಮಂಕಾಗಿ ಕಂಡವು, ಕಾಂಟ್ರಾಸ್ಟ್ ಏರಿಸಿದೆ, ತಪ್ಪೆ? ಉಳಿದಿರುವುದು ಒಂದೇ ಡಬ್ಬಿ ಪ್ರಿಂಟಿನ ಕಾಗದ. ಕಂಪನಿಯವರು ಅದನ್ನು ತಯಾರಿಸುವುದನ್ನೇ ನಿಲ್ಲಿಸಿದ್ದಾರೆ. ಅದೂ ಹಾಳಾದರೆ ಶನಿವಾರ ಜನ ಬಂದು ಬರಿಗೋಡೆ ನೋಡಿ ಹೋಗಬೇಕು.

ನಿನ್ನೆ ಆ ಡಬ್ಬಿಯ ಒಂದು ಹಾಳೆಯನ್ನು ಎರಡು ತುಂಡು ಮಾಡಿ, ಒಂದಕ್ಕೆ ಬೆಳಕು ಕಡಿಮೆ, ಇನ್ನೊಂದಕ್ಕೆ ಹೆಚ್ಚು ಕೊಟ್ಟೆ. ತೊಳೆದು, ಒಣಗಿಸಿ, ಕಿಟಕಿಯ ಹತ್ತಿರ ಹಿಡಿದರೆ ಎರಡೂ ಒಂದೇ ಥರ! ಕಾಗದದ ಮೋಸ, ಇಲ್ಲವೇ ಡೆವಲಪರ್ ದ್ರಾವಣದ ದ್ರೋಹ. "ರೀ, ಎರಡನೇದು ಕಾವಲಿ ತಳದ ಹಾಗೆ ಕಪ್ಪಗಿದೆಯಲ್ರೀ" ಎಂದಳು ನಿನ್ನ ಅತ್ತಿಗೆ. ಅವಳಿಗೆ ಕಾವಲಿ ಗೊತ್ತು, ಕಾಗದ ಗೊತ್ತೆ?

ಆದ್ದರಿಂದ, ಸವಾಲು! ಈ ಕಾಗದ ಕೈಸೇರಿದ ಕೂಡಲೇ ಯಂತ್ರ ಹೊತ್ತುಕೊಂಡು ಬಾ. ಅದು ಅಂಕಿ ಹೇಳಲಿ, ನಾನು ತೀರ್ಪು ಹೇಳುತ್ತೇನೆ. ನೀನು ಬರುವವರೆಗೆ ಡಬ್ಬಿ ಮುಟ್ಟುವುದಿಲ್ಲ. ಒಂದೇ ಷರತ್ತು: ಅಂಕಿಗಳನ್ನು ನೀನೇ ಜೋರಾಗಿ ಓದಬೇಕು. ಯಂತ್ರದ ಮುಂದೆ ತಲೆ ಬಗ್ಗಿಸುವವನಲ್ಲ ನಾನು.

ಇಂತಿ,
ಸೋಲರಿಯದ ನಿನ್ನ ಅಣ್ಣ

ಮತ್ತೆ: ಇದು ಅತ್ತಿಗೆ ಕಣೇ. ಕೈಬರಹ ನೋಡಿಯೇ ತಿಳಿದಿರುತ್ತದೆ; ಹೇಳಿದ್ದು ಅವರು, ಬರೆದದ್ದು ನಾನು. ನಿನ್ನಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದಿದ್ದಾರೆ ಡಾಕ್ಟರು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ ಇವರು. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಬೇಗ ಬಾ, ಪ್ರಿಂಟು ನೀನೇ ಮಾಡು. ಪಕ್ಕದಲ್ಲೇ ಕೂತು ಈ ಹಾಳೆಯನ್ನೇ ನೋಡುತ್ತಿದ್ದಾರೆ. "ಇನ್ನೂ ಏನೇ ಬರೀತಿದ್ದೀಯ?" ಎಂದರು. "ನಿಮ್ಮ ಸಹಿ ಕೆಳಗೆ ಒಂದು ಗೆರೆ ಎಳೀತಿದ್ದೀನಿ" ಎಂದೆ. ಇನ್ನಷ್ಟು ಹತ್ತಿರ ಬಗ್ಗಿದರು. "ನೇರವಾಗಿ ಬಂದಿದೆ, ಸಾಕು ಬಿಡು" ಎಂದರು.